ಗುಡ್ಡದ ನೀರನ್ನು ಗುಡ್ಡದಲ್ಲೇ ತಡೆಯಿರಿ



ಕುಷ್ಟಗಿ ತಾಲೂಕು ಉತ್ತರ ಒಣ ವಲಯಕ್ಕೆ ಸೇರಿದೆ. ವರ್ಷದ ಸರಾಸರಿ ಮಳೆ ಸುಮಾರು 600 ಮಿ.ಮೀ. ಮಾತ್ರ. ಕಬ್ಬರಗಿ ಹತ್ತಿರದ ಕಪಿಲತೀರ್ಥದಲ್ಲಿ ಮಳೆಗಾಲಕ್ಕೆ ಧುಮುಕುವ ನೀರು ಬೇಸಿಗೆಗೆ ಬತ್ತುವುದನ್ನು ನೀವು ಕಂಡಿರಬಹುದು. ನಿಮ್ಮೂರ ಸಣ್ಣ ಗುಡ್ಡದ ಸಂಗತಿಯೂ ಇದೇ. ನೀರು ಹಳ್ಳ ಸೇರುತ್ತದೆ. ಜೊತೆಗೆ ಕೆಳಗಿನ ಮಸಾರಿ ಹೊಲದ ಮೇಲ್ಮಣ್ಣೂ ಹೋಗುತ್ತದೆ.

ನೀರಿನ ಲೆಕ್ಕ

ಒಂದು ಹೆಕ್ಟೇರಿನ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು 2.5 ಲಕ್ಷ ಲೀಟರ್ ನೀರು. ಬೋಳು ಗುಡ್ಡದಿಂದ ಇದರಲ್ಲಿ ಅರ್ಧ ಹರಿದರೂ, 100 ಹೆಕ್ಟೇರ್ ಗುಡ್ಡದಿಂದ ಒಂದೇ ಮಳೆಗೆ 1.25 ಕೋಟಿ ಲೀಟರ್ ಇಳಿಯುತ್ತದೆ. ಇಷ್ಟು ನೀರು ಒಮ್ಮೆಗೇ ಬಂದರೆ ತಳದ ಯಾವ ಒಡ್ಡೂ ತಡೆಯಲಾರದು. ಆದುದರಿಂದ ಕೆಲಸವನ್ನು ನೆತ್ತಿಯಿಂದ ಆರಂಭಿಸಿ ಕೆಳಗೆ ಬರಬೇಕು.

ಮಾಡಬೇಕಾದ ಕೆಲಸಗಳು

1. ಮಣ್ಣಿರುವ ಇಳಿಜಾರಿನಲ್ಲಿ ಸಮಪಾತಳಿ ಗೆರೆಯ ಮೇಲೆ 5 ಮೀ. ಉದ್ದ, 60 ಸೆಂ.ಮೀ. ಅಗಲ, 50 ಸೆಂ.ಮೀ. ಆಳದ ಕಂದಕ ತೆಗೆಯಿರಿ. ಒಂದು ಕಂದಕ 1,500 ಲೀಟರ್ ಹಿಡಿಯುತ್ತದೆ. ಅಗೆದ ಮಣ್ಣನ್ನು ಕೆಳಬದಿಗೆ ಹಾಕಿ. ಮೇಲಿನ ಸಾಲಿನ ಎರಡು ಕಂದಕಗಳ ನಡುವಿನ ಜಾಗಕ್ಕೆ ಸರಿಯಾಗಿ ಕೆಳಸಾಲಿನ ಕಂದಕ ಬರಲಿ.

2. ಬಂಡೆ ಇರುವಲ್ಲಿ ಅಗೆಯಬೇಡಿ. ಕೊರಕಲುಗಳಿಗೆ ಅಡ್ಡಲಾಗಿ ಅಲ್ಲಿಯ ಕಲ್ಲುಗಳನ್ನೇ ಜೋಡಿಸಿ. ನಡುಭಾಗ ತಗ್ಗಾಗಿರಲಿ, ಇಲ್ಲವಾದರೆ ನೀರು ಪಕ್ಕದ ದಂಡೆ ಕೊರೆಯುತ್ತದೆ.

3. ಕಂದಕದ ಮಣ್ಣಿನ ಮೇಲೆ ಮುಂಗಾರಿನಲ್ಲಿ ಬೇವು, ಕಮರ, ಸೀತಾಫಲ ಹಚ್ಚಿ. ನಡುವೆ ಸ್ಟೈಲೋ ಮೇವಿನ ಬೀಜ ಎರಚಿ.

4. ಕೆಳಗಿನ ಹೊಲಗಳ ಒಡ್ಡಿಗೆ ಕಲ್ಲಿನ ಕೋಡಿ, ಅಂದರೆ ಗುಂಡಾವರ್ತಿ, ತಪ್ಪದೆ ಇಡಿ. ಕೋಡಿಯಿಲ್ಲದ ಒಡ್ಡು ಒಡೆದರೆ ಕೆಳಗಿನವರ ಹೊಲವೂ ಹಾಳು.

ಸಮಪಾತಳಿ ಗುರುತಿಸುವುದು ಹೇಗೆ?

ಮೂರು ಕೋಲುಗಳನ್ನು 'ಎ' ಅಕ್ಷರದಂತೆ ಕಟ್ಟಿ, ತುದಿಯಿಂದ ದಾರಕ್ಕೆ ಕಲ್ಲು ಇಳಿಬಿಡಿ. ಎರಡು ಕಾಲುಗಳ ಉದ್ದ ಸಮನಾಗಿರಲಿ. ದಾರ ಅಡ್ಡಕೋಲಿನ ಸರಿಮಧ್ಯಕ್ಕೆ ನಿಂತರೆ ಎರಡೂ ಕಾಲುಗಳು ಒಂದೇ ಮಟ್ಟದಲ್ಲಿವೆ ಎಂದು ತಿಳಿಯಿರಿ.

ಊರೊಟ್ಟಿನ ಕೆಲಸ

ಗುಡ್ಡ ಒಂದೇ ಆದರೂ ಅದರ ನೀರು ಸುತ್ತಲ ಎಲ್ಲ ಊರುಗಳಿಗೂ ಇಳಿಯುತ್ತದೆ. ಒಂದು ಊರು ತಡೆದು ಇನ್ನೊಂದು ಊರು ಕುರಿ ಬಿಟ್ಟರೆ ಸಸಿ ಉಳಿಯದು. ಎಲ್ಲ ಊರಿನವರೂ, ಮುಖ್ಯವಾಗಿ ಕುರಿಗಾರರೂ ಕೂಡಿ ಕುಳಿತು ಮಾತಾಡಿ. ಗುಡ್ಡವನ್ನು ಭಾಗ ಮಾಡಿ, ಒಂದು ಭಾಗಕ್ಕೆ ಎರಡು ಮೂರು ವರ್ಷ ಮೇವು ಕೊಯ್ದು ತರುವ ಪದ್ಧತಿ ಇಡಿ, ಉಳಿದದ್ದು ಮೇಯಲಿಕ್ಕಿರಲಿ. ಗುಡ್ಡ ಅರಣ್ಯಕ್ಕೆ ಸೇರಿದ್ದರೆ ಇಲಾಖೆಯ ಅನುಮತಿ ಮೊದಲು ಪಡೆಯಿರಿ.

ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆದರೆ ಮಳೆಯ ನೀರು ಹೆಚ್ಚುವುದಿಲ್ಲ, ಇಂಗಿದಷ್ಟೇ ಸಿಗುವುದು. ಹೆಚ್ಚಿನ ವಿವರಗಳಿಗೆ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಕಾಣಿರಿ.