ಹೆಸರಿನಲ್ಲಷ್ಟೇ ಭವಿಷ್ಯ?

ಕನ್ನಡದಲ್ಲಿ ‘ಭವಿಷ್ಯ’ ಎಂದರೆ ಮೊದಲು ನೆನಪಾಗುವುದು ರಾಶಿಫಲ. ‘ಈ ವಾರ ಧನಲಾಭ, ಪ್ರಯಾಣದಲ್ಲಿ ಎಚ್ಚರ’ ಎಂಬುದನ್ನು ಓದಿ ನಕ್ಕು ಪುಟ ತಿರುಗಿಸುತ್ತೇವೆ. ಅಂಥದೇ ಮಾತು ‘ಫ್ಯೂಚರ್’ ಎಂಬ ಹೆಸರಿಟ್ಟುಕೊಂಡ ವೆಬ್‌ಸೈಟಿನಲ್ಲಿ, ಒಂದು ಗ್ರಾಫ್ ಜೊತೆ ಬಂದರೆ ಮಾತ್ರ ನಗುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುತ್ತೇವೆ. ಸಿಇಟಿ ಆಪ್ಷನ್ ಎಂಟ್ರಿ ಮಾಡುವಾಗ, ಡಿಗ್ರಿ ಮುಗಿಸಿ ಯಾವ ಕೋರ್ಸಿಗೆ ಫೀಸು ಕಟ್ಟಬೇಕೆಂದು ಯೋಚಿಸುವಾಗ ಅದನ್ನೇ ನಂಬುತ್ತೇವೆ. ಹಾಗಿದ್ದ ಮೇಲೆ ಈ ತಾಣಗಳಿಗೆ ಆ ಹೆಸರು ಒಪ್ಪುತ್ತದೆಯೇ ಎಂದು ಕೇಳಲೇಬೇಕಲ್ಲವೇ?

ಹೆಚ್ಚಿನ ತಾಣಗಳಲ್ಲಿ ಇರುವುದು ಭವಿಷ್ಯವಲ್ಲ, ಇವತ್ತಿನ ಸುದ್ದಿ. ಯಾವುದೋ ಕಂಪನಿ ರೋಬಾಟ್ ತೋರಿಸಿತು, ಇನ್ಯಾವುದೋ ಕಂಪನಿಯ ಮುಖ್ಯಸ್ಥರು ಭಾಷಣ ಮಾಡಿದರು ಎಂಬಂಥದ್ದು. ಅದರ ಪಕ್ಕದಲ್ಲಿ ‘ಮುಂದಿನ ಐದು ವರ್ಷ ಬೇಡಿಕೆಯಲ್ಲಿರುವ 10 ಉದ್ಯೋಗಗಳು’ ಎಂಬ ಪಟ್ಟಿ. ಪಟ್ಟಿಯ ಕೆಳಗೆ ಕೋರ್ಸಿನ ಜಾಹೀರಾತು. ಐದು ವರ್ಷ ಕಳೆದ ಮೇಲೆ ಆ ಪಟ್ಟಿ ಏನಾಯಿತು ಎಂದು ತಿರುಗಿ ನೋಡುವವರು ವಿರಳ. ಮೇಲಿನ ಇಸವಿ ಬದಲಾಗುತ್ತದೆ, ಪಟ್ಟಿ ಹೊಸದಾಗುತ್ತದೆ.

ಮೆಟಾವರ್ಸ್ ನೆನಪಿದೆಯೇ? 2021ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನೇ ‘ಮೆಟಾ’ ಎಂದು ಬದಲಿಸಿಕೊಂಡಿತು. ಇನ್ನು ಪಾಠ, ಆಫೀಸು, ಶಾಪಿಂಗ್ ಎಲ್ಲವೂ ಮೆಟಾವರ್ಸ್‌ನಲ್ಲೇ ಎಂಬ ಮಾತು ಹಬ್ಬಿತು. ಒಂದೇ ವರ್ಷ ಕಳೆದು, 2022ರ ನವೆಂಬರ್‌ನಲ್ಲಿ ಅದೇ ಕಂಪನಿ 11,000ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. ಆ ತಿಂಗಳ ಕೊನೆಯ ದಿನ ಚಾಟ್‌ಜಿಪಿಟಿ ಬಂತು. ಪಟ್ಟಿಗಳಲ್ಲಿ ಮೆಟಾವರ್ಸ್ ಇದ್ದ ಜಾಗದಲ್ಲಿ ಎಐ ಕೂತಿತು. ಮೊದಲಿನ ಪಟ್ಟಿ ನಂಬಿ ದುಡ್ಡು ಕಟ್ಟಿದವರ ಬಗ್ಗೆ ಯಾರೂ ಬರೆಯಲಿಲ್ಲ.

ದೊಡ್ಡ ವಿದ್ವಾಂಸರ ಮಾತಾದರೂ ಅಷ್ಟೇ. ಎಐ ಕ್ಷೇತ್ರದ ಹಿರಿಯ ಜೆಫ್ರಿ ಹಿಂಟನ್, ಐದು ವರ್ಷಗಳಲ್ಲಿ ಯಂತ್ರಗಳೇ ಸ್ಕ್ಯಾನ್‌ಗಳನ್ನು ಚೆನ್ನಾಗಿ ಓದುತ್ತವೆ, ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಿ ಎಂದು 2016ರಲ್ಲಿ ಹೇಳಿದ್ದರು. 2024ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಆಸ್ಪತ್ರೆಗಳು ಮಾತ್ರ ಇಂದಿಗೂ ರೇಡಿಯಾಲಜಿಸ್ಟ್‌ಗಳನ್ನು ಹುಡುಕುತ್ತಲೇ ಇವೆ. ಯಂತ್ರ ಬಂತು, ಆದರೆ ವೈದ್ಯರಿಗೆ ಸಹಾಯಕನಾಗಿ ಬಂತು. ಅವರ ಮಾತು ಕೇಳಿ ಆ ವಿಷಯವನ್ನೇ ಕೈಬಿಟ್ಟ ವಿದ್ಯಾರ್ಥಿ ಇದ್ದರೆ, ನಷ್ಟ ಆದದ್ದು ಆ ವಿದ್ಯಾರ್ಥಿಗೆ.

ಅಂಕಿ ಸಂಖ್ಯೆಗಳೂ ಹೀಗೆ ದಾರಿ ತಪ್ಪಿಸಬಲ್ಲವು. ಅಮೆರಿಕದ ಶೇ 47ರಷ್ಟು ಉದ್ಯೋಗಗಳು ಯಾಂತ್ರೀಕರಣದ ಹೆಚ್ಚಿನ ಅಪಾಯದಲ್ಲಿವೆ ಎಂದು 2013ರಲ್ಲಿ ಆಕ್ಸ್‌ಫರ್ಡ್‌ನ ಇಬ್ಬರು ಸಂಶೋಧಕರು ಬರೆದರು. 2016ರಲ್ಲಿ ಒಇಸಿಡಿಗಾಗಿ ನಡೆದ ಇನ್ನೊಂದು ಅಧ್ಯಯನ, ಇಡೀ ಉದ್ಯೋಗವನ್ನು ನೋಡುವ ಬದಲು ಅದರೊಳಗಿನ ಕೆಲಸಗಳನ್ನು ಬಿಡಿಸಿ ನೋಡಿತು. ಸಿಕ್ಕಿದ್ದು ಶೇ 9. ಪ್ರಶ್ನೆ ಒಂದೇ, ಅಳೆಯುವ ಬಗೆ ಬೇರೆ. ಆದರೆ ನಮ್ಮ ಮೊಬೈಲಿಗೆ ಬಂದದ್ದು ಹೆಚ್ಚಾಗಿ 47. ಹೆದರಿಸುವ ಸಂಖ್ಯೆಗೆ ಕ್ಲಿಕ್ ಜಾಸ್ತಿ.

ಹಾಗಂತ ಎಲ್ಲವೂ ಸುಳ್ಳು ಎನ್ನಬೇಕಿಲ್ಲ. ‘ಲಾಂಗ್ ಬೆಟ್ಸ್’ ಎಂಬ ತಾಣವೊಂದಿದೆ. 2002ರಿಂದ ನಡೆಯುತ್ತಿದೆ. ಅಲ್ಲಿ ಭವಿಷ್ಯ ನುಡಿಯುವವರು ತಮ್ಮ ಹೆಸರು, ಕಾರಣ, ಗಡುವು ಎಲ್ಲವನ್ನೂ ಬರೆಯಬೇಕು. ಒಪ್ಪದವರು ಎದುರು ಬಾಜಿ ಕಟ್ಟಬಹುದು. ಗೆದ್ದ ಹಣ ದಾನಕ್ಕೆ ಹೋಗುತ್ತದೆ. ಹೂಡಿಕೆದಾರ ವಾರನ್ ಬಫೆಟ್ ಇಲ್ಲೇ 2008ರಲ್ಲಿ ಹತ್ತು ವರ್ಷದ ಬಾಜಿ ಕಟ್ಟಿದರು. ದುಬಾರಿ ಶುಲ್ಕ ಪಡೆಯುವ ಹೆಡ್ಜ್ ಫಂಡ್‌ಗಳಿಗಿಂತ ಸಾಧಾರಣ ಇಂಡೆಕ್ಸ್ ಫಂಡ್ ಹೆಚ್ಚು ಗಳಿಸುತ್ತದೆ ಎಂಬುದು ಅವರ ವಾದ. ಗಡುವು ಮುಗಿಯಿತು, ಬಫೆಟ್ ಗೆದ್ದರು, ಹಣ ಹೆಣ್ಣುಮಕ್ಕಳಿಗಾಗಿ ದುಡಿಯುವ ಸಂಸ್ಥೆಗೆ ಹೋಯಿತು. ಸೋಲು ಗೆಲುವು ಎರಡೂ ಎಲ್ಲರ ಕಣ್ಣೆದುರೇ ಇವೆ. ಭವಿಷ್ಯದ ತಾಣ ಎಂಬ ಹೆಸರು ಇಂಥದ್ದಕ್ಕೆ ಸಲ್ಲುತ್ತದೆ. ಏಕೆಂದರೆ ಅದು ಹಳೆಯದನ್ನು ಅಳಿಸುವುದಿಲ್ಲ.

ಆದ್ದರಿಂದ ಮುಂದಿನ ಸಲ ‘ಈ ಕೋರ್ಸಿಗೇ ಭವಿಷ್ಯ’ ಎಂಬ ಲೇಖನ ಕಂಡಾಗ ಮೂರು ಪ್ರಶ್ನೆ ಕೇಳೋಣ. ಎಷ್ಟು, ಯಾವಾಗ ಎಂದು ಖಚಿತವಾಗಿ ಹೇಳಿದೆಯೇ, ಅಥವಾ ‘ಶೀಘ್ರದಲ್ಲೇ’ ‘ಅಪಾರ’ ಎಂದು ಬಿಟ್ಟಿದೆಯೇ? ಇದೇ ತಾಣ ಐದು ವರ್ಷದ ಹಿಂದೆ ಏನು ಹೇಳಿತ್ತು, ಈಗ ಅದು ಸಿಗುತ್ತದೆಯೇ? ನಾವು ನಂಬಿದರೆ ಯಾರ ಜೇಬು ತುಂಬುತ್ತದೆ? ಇದರ ಜೊತೆಗೆ, ಆ ಕೆಲಸವನ್ನು ಈಗಾಗಲೇ ಮಾಡುತ್ತಿರುವ ಸೀನಿಯರ್ ಒಬ್ಬರಿಗೆ ಫೋನ್ ಮಾಡೋಣ. ಹತ್ತು ಪಟ್ಟಿ ಓದಿದರೂ ಸಿಗದ ವಿವರ ಹತ್ತು ನಿಮಿಷದ ಮಾತಿನಲ್ಲಿ ಸಿಕ್ಕೀತು.

ನಮ್ಮಲ್ಲಿ ‘ಭವಿಷ್ಯ ನಿಧಿ’ ಎಂಬುದೊಂದಿದೆ, ಅದೇ ಪಿಎಫ್. ಕೆಲಸಕ್ಕೆ ಸೇರಿದ ಮೇಲೆ ತಿಂಗಳು ತಿಂಗಳು ಎಷ್ಟು ಜಮಾ ಆಯಿತು ಎಂಬುದನ್ನು ಪಾಸ್‌ಬುಕ್‌ನಲ್ಲಿ ನೋಡಬಹುದು. ಭವಿಷ್ಯದ ಹೆಸರು ಹೇಳುವವರೆಲ್ಲ ಅಷ್ಟಾದರೂ ಲೆಕ್ಕ ತೋರಿಸಲಿ. ತೋರಿಸದವರದ್ದು ರಾಶಿಫಲ ಎಂದುಕೊಂಡು ಓದೋಣ, ನಗೋಣ, ಪುಟ ತಿರುಗಿಸೋಣ. ಫೀಸು ಮಾತ್ರ ಕಟ್ಟುವುದು ಬೇಡ.