ಪೈಲಟ್ ಕನಸಿಗೆ ಸೈಟು ಮಾರಬೇಕಾ?

ಹೋದ ವರ್ಷ ಯುಗಾದಿಗೆ ಅಕ್ಕನ ಸಂಸಾರ ಗೊಟ್ಟಿಗೆರೆಯ ನಮ್ಮನೆಗೆ ಬಂದಿತ್ತು. ಹೋಳಿಗೆ ತಿನ್ನುತ್ತಾ ಭಾವ ಮೆಲ್ಲಗೆ ವಿಷಯ ತೆಗೆದರು. "ಮಗಳು ಪೈಲಟ್ ಆಗ್ತಾಳಂತೆ. ಇಲ್ಲಿರೋ ಥರ್ಟಿ ಫಾರ್ಟಿ ಸೈಟು ಮಾರಿಬಿಡೋಣ ಅಂತ. ಮೆಟ್ರೋ ಬರ್ತಿದೆ, ರೇಟೂ ಚೆನ್ನಾಗಿದೆ. ಏನಂತೀಯಾ?"

ಕೋಡಿಂಗ್ ಬಿಟ್ಟು ಬೇರೇನೂ ಗೊತ್ತಿಲ್ಲದ ನಾನು ಏನನ್ನಲಿ? ಒಂದು ವಾರ ಟೈಮ್ ಕೇಳಿದೆ. ಪರಿಚಯದ ಇಬ್ಬರು ಪೈಲಟ್‌ಗಳನ್ನು ಮಾತಾಡಿಸಿ, ಹಾಳೆಯಲ್ಲಿ ಎರಡು ಕಾಲಂ ಎಳೆದೆ.

ಮೊದಲು ಲಾಭದ ಕಡೆ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿದ್ದರೆ ಸಾಕು, ಇಂಜಿನಿಯರಿಂಗ್ ಬೇಕಿಲ್ಲ. ಕ್ಯಾಪ್ಟನ್ ಆದರೆ ತಿಂಗಳಿಗೆ ಲಕ್ಷಗಳಲ್ಲಿ ಸಂಬಳ. 65ರವರೆಗೆ ಹಾರಬಹುದು. ವಿಮಾನ ಇಳಿಸಿದರೆ ಅವತ್ತಿನ ಕೆಲಸ ಮುಗೀತು, ನನ್ನ ಹಾಗೆ ಲ್ಯಾಪ್‌ಟಾಪ್ ಹೊತ್ತು ಮನೆಗೆ ಬರುವ ಹಣೆಬರಹ ಇಲ್ಲ.

ಇನ್ನು ಎರಡನೇ ಕಾಲಂ. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಖರ್ಚು 50 ಲಕ್ಷ ದಾಟುವುದು ಮಾಮೂಲು. ಆಮೇಲೆ ಏರ್‌ಬಸ್ 320ರಂಥ ದೊಡ್ಡ ವಿಮಾನಕ್ಕೆ ಟೈಪ್ ರೇಟಿಂಗ್, ಅದಕ್ಕೆ ಮತ್ತೆ ಲಕ್ಷಗಟ್ಟಲೆ. ಎಲ್ಲಾ ಸೇರಿ 80 ಲಕ್ಷ ಸಾಲ, ಶೇ. 11 ಬಡ್ಡಿ, 10 ವರ್ಷ ಅಂತ ಹಿಡಿದರೆ ತಿಂಗಳ ಕಂತೇ 1.10 ಲಕ್ಷ! ಲೈಸೆನ್ಸ್ ಸಿಕ್ಕಿತು ಅಂದರೆ ಕೆಲಸ ಸಿಕ್ಕಿತು ಅಂತಲ್ಲ. ಸಿಕ್ಕ ಕೆಲಸವೂ ಗಟ್ಟಿಯಲ್ಲ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. ಇದರ ಮೇಲೆ ರಾತ್ರಿ ಪಾಳಿ, ಹಬ್ಬಕ್ಕೆ ರಜೆ ಇಲ್ಲದಿರುವುದು, ಜೊತೆಗೆ ಕಾಲಕಾಲಕ್ಕೆ ಮೆಡಿಕಲ್. ಅದರಲ್ಲಿ ಫೇಲಾದರೆ ವಿಮಾನ ಹತ್ತುವಂತಿಲ್ಲ.

ಹಾಳೆ ನೋಡಿ ಹುಡುಗಿಯ ಮುಖ ಸಣ್ಣಗಾಯಿತು. "ಬೇಡ ಅಂತೀರಾ ಮಾಮ?"

"ಬೇಡ ಅನ್ನಲ್ಲ ಪುಟ್ಟಿ. ಸೈಟನ್ನ ಕೊನೆಗೆ ಮಾರೋಣ ಅಂತೀನಿ, ಅಷ್ಟೇ."

ಕಡಿಮೆ ಖರ್ಚಿನ ಪರೀಕ್ಷೆಗಳು ಮೊದಲು. ಡಿಜಿಸಿಎ ಮಾನ್ಯತೆಯ ವೈದ್ಯರ ಹತ್ತಿರ ಕ್ಲಾಸ್ 2 ಮೆಡಿಕಲ್, ಆಮೇಲೆ ಕ್ಲಾಸ್ 1. ಕನ್ನಡಕ ಇದ್ದರೆ ಪರವಾಗಿಲ್ಲ, ಬಣ್ಣ ಗುರುತಿಸುವ ತೊಂದರೆ ಇದ್ದರೆ ಕಷ್ಟ. ಅದು ಈಗಲೇ ಗೊತ್ತಾಗಲಿ. ನಂತರ ನ್ಯಾವಿಗೇಷನ್, ಹವಾಮಾನ, ನಿಯಮ, ಟೆಕ್ನಿಕಲ್ ಪೇಪರ್‌ಗಳು. ಪಾಸಾಗಲು ಶೇ. 70 ಬೇಕು. ಇಷ್ಟಾದ ಮೇಲೆ ಶಾಲೆ ಹುಡುಕುವುದು. ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯೇ ಇದೆ. ಯಾವ ಶಾಲೆಯಾದರೂ ಎಷ್ಟು ವಿಮಾನ ಹಾರುತ್ತಿವೆ, 200 ಗಂಟೆ ಮುಗಿಸಲು ಹಿಂದಿನ ಬ್ಯಾಚಿಗೆ ಎಷ್ಟು ತಿಂಗಳು ಹಿಡಿಯಿತು ಅಂತ ಅಲ್ಲಿನ ಮಕ್ಕಳನ್ನೇ ಕೇಳಬೇಕು. ಪೂರ್ತಿ ಫೀಸು ಒಂದೇ ಸಲ ಕಟ್ಟಬಾರದು.

ಹುಡುಗಿ ಮೆಡಿಕಲ್ ಎರಡೂ ಪಾಸಾದಳು. ಈಗ ಮೋಡದ ಹೆಸರುಗಳನ್ನು ನನಗೇ ಪಾಠ ಹೇಳುತ್ತಾಳೆ. ಬ್ರೋಕರ್ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಭಾವನದು ಒಂದೇ ಉತ್ತರ: "ಇನ್ನೂ ಎರಡು ಪೇಪರ್ ಬಾಕಿ ಇದೆಯಪ್ಪಾ."