ಮಂಜಿನಾಟಕ್ಕೆ ಒಣ ನೆಲದ ಸಾಧನೆ

ಹಾಕಿ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ನಿಲ್ಲುವುದು ಕೊಡಗಿನ ಮೈದಾನ. ಆದರೆ ಹೆಸರಿನಲ್ಲಿ ಅದರ ಒಡಹುಟ್ಟಾಗಿದ್ದು, ನಡೆಯಲ್ಲಿ ಬಹು ದೂರವಾದ ಇನ್ನೊಂದು ಹಾಕಿಯುಂಟು. ಅದನ್ನು ಆಡುವುದು ಮಂಜುಗಡ್ಡೆಯ ಮೇಲೆ. ಕೆನಡಾ, ರಷ್ಯಾ, ಸ್ವೀಡನ್ ಮುಂತಾದ ದೇಶಗಳ ಜನಕ್ಕೆ, ನಮ್ಮವರಿಗೆ ಕ್ರಿಕೆಟ್ಟಿನ ಮೇಲಿರುವಷ್ಟೇ ಮರುಳು ಈ ಆಟದ ಮೇಲೆ. ಉಕ್ಕಿನ ಅಲಗು ಜೋಡಿಸಿದ ಬೂಟು ತೊಟ್ಟು ನುರಿತ ಆಟಗಾರರು ಜಾರುವ ವೇಗ ಗಂಟೆಗೆ 35 ಕಿಲೋಮೀಟರನ್ನೂ ಮೀರುವುದುಂಟು. ಈ ವೇಗಕ್ಕೆ ಬೇಕಾದ ಕಾಲ್ಬಲವನ್ನು ಅವರು ಬೇಸಗೆಯಲ್ಲಿ, ಮಂಜೇ ಇಲ್ಲದ ಒಣ ನೆಲದ ಮೇಲೆ ಕೂಡಿಡುತ್ತಾರೆ ಎಂಬುದೇ ಸ್ವಾರಸ್ಯದ ಸಂಗತಿ.

ಈ ಒಣ ನೆಲದ ಸಾಧನೆಯನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದವರಲ್ಲಿ ರಷ್ಯಾದ ಅನತೋಲಿ ತರಾಸೊವ್ ಅಗ್ರಗಣ್ಯರು. ಸೋವಿಯೆತ್ ದೇಶದಲ್ಲಿ ಈ ಆಟದ ರಾಷ್ಟ್ರೀಯ ಪಂದ್ಯಗಳು ಮೊದಲಾದದ್ದು 1946ರಲ್ಲಿ. ಆದರೆ ಮಾಸ್ಕೋದ ಲುಜ್ನಿಕಿಯಲ್ಲಿ ಛಾವಣಿಯುಳ್ಳ ದೊಡ್ಡ ಕ್ರೀಡಾಭವನ ತೆರೆದದ್ದು 1956ರಲ್ಲಿ. ಅಲ್ಲಿಯವರೆಗೆ ಚಳಿಗಾಲ ಕಳೆದರೆ ಅಂಗಳ ಕರಗಿಹೋಗುತ್ತಿತ್ತು. ಮಂಜಿಲ್ಲವೆಂದು ಕೈಕಟ್ಟಿ ಕೂಡಲಾದೀತೆ? ಭಾರ ಎತ್ತುವುದು, ಓಡುವುದು, ಜಿಗಿಯುವುದು, ಫುಟ್‌ಬಾಲ್ ಆಡುವುದು, ಹೀಗೆ ತರಾಸೊವ್ ಹುಡುಗರನ್ನು ನೆಲದ ಮೇಲೆಯೇ ಪಳಗಿಸಿದರು. ಸೋವಿಯೆತ್ ತಂಡ 1954ರಲ್ಲಿ ಮೊದಲ ಬಾರಿಗೆ ವಿಶ್ವ ಪಂದ್ಯಕ್ಕೆ ಹೋದಾಗಲೇ ಕೆನಡಾವನ್ನು 7–2ರಿಂದ ಸೋಲಿಸಿ ಗೆದ್ದಿತು. 1963ರಿಂದ 1971ರವರೆಗೆ ಸತತ ಒಂಬತ್ತು ವರ್ಷ ವಿಶ್ವ ಪ್ರಶಸ್ತಿ ಅದರದಾಯಿತು. 1974ರಲ್ಲಿ ಟೊರಾಂಟೊದ ಹಾಕಿ ಕೀರ್ತಿಮಂದಿರವೇ ತರಾಸೊವ್ ಅವರನ್ನು ಸೇರಿಸಿಕೊಂಡು ಗೌರವಿಸಿತು.

ಹಾಗಾದರೆ ಬರಿಯ ಓಟದಿಂದ ಈ ಬಲ ಬಾರದೆ? ಸಾಲದು. ಬೂಟಿನ ಅಲಗು ಉದ್ದಕ್ಕೆ ಸಲೀಸಾಗಿ ಜಾರುತ್ತದೆ. ಅಡ್ಡಕ್ಕೆ ಮಾತ್ರ ಮಂಜನ್ನು ಕಚ್ಚುತ್ತದೆ. ಆದುದರಿಂದ ಆಟಗಾರ ಕಾಲನ್ನು ನೇರ ಹಿಂದಕ್ಕಲ್ಲ, ಪಕ್ಕಕ್ಕೆ ಒತ್ತಿ ಮುಂದೆ ಸಾಗಬೇಕು. ಮಂಡಿ ಬಗ್ಗಿದಷ್ಟೂ ಆ ಒತ್ತು ನೀಳವಾಗುತ್ತದೆ. ಒಂದು ಕಾಲು ಒತ್ತುವಾಗ ಇನ್ನೊಂದು ಇಡೀ ದೇಹದ ಭಾರವನ್ನು ಹೊರಬೇಕು. ತೊಡೆಯ ಮುಂಭಾಗ, ನಿತಂಬ, ತೊಡೆಯ ಒಳಭಾಗ, ಈ ಮೂರೂ ಕಡೆಯ ಸ್ನಾಯುಗಳು ಗಟ್ಟಿಯಾಗಿರಬೇಕಾದದ್ದು ಇದಕ್ಕಾಗಿ.

ಮೊದಲು ಬಲ, ಆಮೇಲೆ ವೇಗ ಎಂಬುದು ಇಲ್ಲಿಯ ಕ್ರಮ. ಬಲಕ್ಕೆ ನಮ್ಮ ಗರಡಿಮನೆಯ ಬಸ್ಕಿಯೇ ತಳಹದಿ. ಹಿಮ್ಮಡಿ ನೆಲ ಬಿಡಬಾರದು. ಮಂಡಿ ಒಳಕ್ಕೆ ವಾಲದೆ ಕಾಲ್ಬೆರಳಿನ ನೇರಕ್ಕಿರಬೇಕು. ಅದು ಹಿಡಿತಕ್ಕೆ ಬಂದ ಮೇಲೆ ಒಂಟಿಕಾಲಿನ ಬಸ್ಕಿ, ಅನಂತರ ಒಂದು ಕಾಲನ್ನು ಪಕ್ಕಕ್ಕೆ ದೂರ ಇಟ್ಟು ಅದರ ಮೇಲೆ ಕುಕ್ಕರಿಸಿ ಏಳುವುದು. ವೇಗಕ್ಕೆ ಜಿಗಿತ ಬೇಕು. ಎಡಗಾಲಿನಿಂದ ಪಕ್ಕಕ್ಕೆ ಹಾರಿ ಬಲಗಾಲ ಮೇಲೆ ಇಳಿದು, ಕ್ಷಣಕಾಲ ಅಲುಗದೆ ನಿಂತು, ಮತ್ತೆ ಎಡಕ್ಕೆ ಹಾರುವುದು ಮಂಜಿನ ನಡೆಗೆ ತೀರ ಹತ್ತಿರದ ವ್ಯಾಯಾಮ. ಜೊತೆಗೆ 10ರಿಂದ 30 ಮೀಟರಿನ ಬಿರುಸಿನ ಓಟ. ಓಟ ಓಟದ ನಡುವೆ ಉಸಿರು ತಹಬಂದಿಗೆ ಬರುವವರೆಗೆ ನಿಲ್ಲತಕ್ಕದ್ದು. ದಣಿದ ಕಾಲು ದಣಿವನ್ನು ಸಹಿಸುವುದನ್ನು ಕಲಿತೀತೇ ಹೊರತು ವೇಗವನ್ನಲ್ಲ.

ತೊಡೆಯ ಒಳಭಾಗವನ್ನು ಮರೆತವರು ದಂಡ ತೆರುತ್ತಾರೆ. ಅಮೆರಿಕದ ವೃತ್ತಿಪರ ಆಟಗಾರರನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಂತೆ, ಕಾಲನ್ನು ಒಳಕ್ಕೆಳೆಯುವ ಬಲವು ಹೊರಕ್ಕೆ ಚಾಚುವ ಬಲದ ಶೇಕಡ 80ಕ್ಕಿಂತ ಕಡಿಮೆ ಇದ್ದವರಿಗೆ ತೊಡೆಸಂದಿನ ಸ್ನಾಯು ಉಳುಕುವ ಸಂಭವ 17 ಪಟ್ಟು ಹೆಚ್ಚು. ಮಂಡಿಗಳ ನಡುವೆ ಚೆಂಡನ್ನಿಟ್ಟು ಅದುಮುವುದು ಆ ಸ್ನಾಯುವಿಗೆ ಒಳ್ಳೆಯ, ಖರ್ಚಿಲ್ಲದ ವ್ಯಾಯಾಮ.

ಇದೆಲ್ಲ ಪರದೇಶದ ಮಾತೆಂದು ತಿಳಿಯಬೇಡಿ. ನಮ್ಮ ಲಡಾಖಿನಲ್ಲಿ ಕೊಳಗಳು ಹೆಪ್ಪುಗಟ್ಟಿ ಆಟಕ್ಕೆ ಒದಗುವುದು ಚಳಿಗಾಲದ ಎರಡು ಮೂರು ತಿಂಗಳು ಮಾತ್ರ. ಆದರೂ ಬಹುಪಾಲು ಲಡಾಖಿನ ಹುಡುಗಿಯರೇ ಇದ್ದ ಭಾರತ ತಂಡ 2025ರಲ್ಲಿ ಅಲ್ ಐನ್ ನಗರದ ಮಹಿಳಾ ಏಷ್ಯಾ ಕಪ್ಪಿನಲ್ಲಿ ಕಂಚಿನ ಪದಕ ಪಡೆಯಿತು. ಮಂಜು ಕರಗಿದ ತಿಂಗಳುಗಳಲ್ಲಿ ಕಾಲಿನ ಕಸುವು ಕರಗದಂತೆ ಕಾಯ್ದುಕೊಳ್ಳುವುದು ಅಂಥವರಿಗೆ ಅಳಿವು ಉಳಿವಿನ ಪ್ರಶ್ನೆ.

ಊರು ಬಿಟ್ಟು ಬಂದ ನಮ್ಮ ಸಂಸಾರಗಳಿಗೂ ಇದರಲ್ಲೊಂದು ಪಾಠವಿದೆ. ಮುಂಬಯಿ, ದೆಹಲಿಯ ಮಹಡಿಮನೆಗಳಲ್ಲಿ ಮಕ್ಕಳಿಗೆ ಆಡಲು ಅಂಗಳವಿಲ್ಲವೆಂದು ತಾಯಂದಿರು ಕೊರಗುವುದು ಸಹಜ. ಆದರೆ ಮೆಟ್ಟಿಲುಂಟು, ತಾರಸಿಯುಂಟು. ಬಸ್ಕಿಗೆ ಬೇಕಾದ ಜಾಗ ಒಂದು ಚಾಪೆಯಷ್ಟು. ಕುಂಟಾಬಿಲ್ಲೆ ಆಡುವ ಹುಡುಗಿ ಅರಿಯದೆಯೇ ಒಂಟಿಕಾಲಿನ ಸಾಧನೆ ಮಾಡುತ್ತಿರುತ್ತಾಳೆ. ಎಳೆಯರಿಗೆ ಅವರ ಮೈಭಾರವೇ ಸಾಕು. ಕಲಿಸಿಕೊಡುವವರಿಲ್ಲದೆ ಭಾರ ಎತ್ತಿಸಬಾರದು. ಮಂಡಿ ನೋವೆಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತು ನಿಮಿಷ ತಪ್ಪದೆ ನಡೆದರೆ, ಅಂಗಳ ಸಿಕ್ಕಿದ ದಿನ ಆಡಲು ಕಾಲುಗಳು ಸಿದ್ಧವಾಗಿರುತ್ತವೆ.